ಬೀಗರ ಪಂಚೆಯ ಬೆಳಕು

ತಪ್ಪು ನನ್ನದು. ಮೊದಲೇ ಹೇಳಿಬಿಡುತ್ತೇನೆ. ಇದನ್ನೇ ನಮ್ಮ ಸ್ಟುಡಿಯೋ ಭಾಯಿ ಹೇಳಲು ಹೊರಟರೆ ಇನ್ನೂ ದೊಡ್ಡ ದನಿಯಲ್ಲಿ, ಬೇಕಾದಷ್ಟು ಬಿರುದುಗಳನ್ನೂ ಸೇರಿಸಿ ಹೇಳುತ್ತಾರೆ. ಮಾಡಿದ್ದು ಒಂದಲ್ಲ, ಎರಡು. ಒಂದೇ ಮದುವೆಯ ಫೋಟೋಗಳಲ್ಲಿ ಗಂಡಿನ ಕಡೆಯವರು ದೀಪದಂತೆ ಹೊಳೆಯುವ, ಹೆಣ್ಣಿನ ಕಡೆಯವರು ಅವರ ನೆರಳಲ್ಲಿ ನಿಂತಂತೆ ಕಾಣುವ ವೆಬ್ ಪುಟ ಮಾಡಿದ್ದು ಮೊದಲನೆಯದು. ಯಾಕೆ ಹೀಗೆ ಎಂದು ಕೇಳಲು ಫೋನ್ ಮಾಡಿದ ಮದುಮಗಳ ಸೋದರಮಾವನಿಗೆ ‘ನಿಮ್ಮ ಫೋನೇ ಸರಿಯಿಲ್ಲ’ ಎಂದು ಬುದ್ಧಿ ಹೇಳಿ, ಫೋನ್ ಇಟ್ಟೆನೆಂದುಕೊಂಡು, ಇಡದೆ, ಅವರದೇ ದನಿಯಲ್ಲಿ ಅವರನ್ನು ಅಣಕಿಸಿದ್ದು ಎರಡನೆಯದು.

ಶಿಕಾರಿಪುರದ ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲೇ ಭಾಯಿಯ ಫೋಟೋ ಸ್ಟುಡಿಯೋ. ಅದರ ಒಂದು ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವವನು ನಾನು. ಮದುವೆ ಮುಗಿದ ಮೇಲೆ ಆಲ್ಬಮ್ಮಿಗೆ ಯಾವ ಫೋಟೋ ಹೋಗಬೇಕೆಂದು ಎರಡೂ ಮನೆಯವರು ಆರಿಸಿ ಹೇಳಬೇಕು. ಮೊದಲೆಲ್ಲ ಅವರೇ ಅಂಗಡಿಗೆ ಬಂದು, ಅತ್ತೆ ಕಣ್ಣು ಮುಚ್ಚಿದ್ದಾಳೆ, ಚಿಕ್ಕಪ್ಪ ಬಾಯಿ ತೆರೆದಿದ್ದಾನೆ ಎಂದು ಇಡೀ ದಿನ ಜಗಳವಾಡಿ ಹೋಗುತ್ತಿದ್ದರು. ಅವರು ಮನೆಯಲ್ಲೇ ಕೂತು ಜಗಳವಾಡಲಿ ಎಂದು ನಾನೊಂದು ವೆಬ್ ಪುಟ ಮಾಡಿದೆ. ಎಡಗಡೆ ಹೆಣ್ಣಿನ ಕಡೆಯ ಫೋಟೋಗಳು, ಬಲಗಡೆ ಗಂಡಿನ ಕಡೆಯವು. ಮೇಲೆ ಯಾರು, ಕೆಳಗೆ ಯಾರು ಎಂಬ ತಕರಾರೇ ಬರಬಾರದೆಂದು ಅಕ್ಕಪಕ್ಕ ಕೂರಿಸಿದ್ದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಈ ಮದುವೆಯ ಹುಡುಗಿ ಸೊರಬದವಳು, ಹುಡುಗ ನಮ್ಮೂರಿನವನು. ಹುಡುಗಿಗೆ ತಂದೆ ಇಲ್ಲ. ಸಾಕಿ, ಓದಿಸಿ, ಮದುವೆ ಮಾಡಿಕೊಟ್ಟವರು ಸೋದರಮಾವ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಸೇರಿ, ಕಂಬ ಹತ್ತಿ ಇಳಿದು, ನಿವೃತ್ತರಾದವರು. ಅವರ ಸ್ವಂತ ಮಗಳ ಮದುವೆಯೂ ಗೊತ್ತಾಗಿತ್ತು. ‘ಈ ಆಲ್ಬಮ್ ಹೆಂಗೆ ಬರ್ತದೆ ನೋಡುವ, ಆಮೇಲೆ ಅದರ ಮಾತು’ ಎಂದು ಭಾಯಿಗೆ ಹೇಳಿದ್ದರು. ಸೊರಬದಲ್ಲಿ ಭಾಯಿಗೆ ಸಿಕ್ಕ ಮೊದಲ ಮದುವೆ ಇದು. ಇದು ಕೆಟ್ಟರೆ ಎರಡನೆಯದಿಲ್ಲ. ಕುದುರಿದರೆ ಮಾವನವರ ಬಾಯಿಂದಲೇ ಊರಿಗೆಲ್ಲ ಸುದ್ದಿ. ಅದಕ್ಕೇ ಭಾಯಿ ತಮ್ಮ ದೊಡ್ಡ ಕ್ಯಾಮೆರಾ ಹಿಡಿದು ಹೆಣ್ಣಿನ ಕಡೆಗೇ ನಿಂತರು. ಗಂಡಿನ ಕಡೆಗೆ ನಿಲ್ಲಬೇಕಿದ್ದ ಇನ್ನೊಬ್ಬ ಫೋಟೋಗ್ರಾಫರ್ ಜ್ವರ ಬಂದು ಮಲಗಿದ್ದರಿಂದ, ನನ್ನ ಹೊಸ ಫೋನು ಹಿಡಿದು ನಾನೇ ನುಗ್ಗಿದೆ.

ನನ್ನ ಫೋನು ತೆಗೆಯುವುದು ಎಚ್‌ಡಿಆರ್ ಫೋಟೋ. ಮಾಮೂಲಿ ಚಿತ್ರದ ಜೊತೆಗೆ ಅದರೊಳಗೆ ಇನ್ನೊಂದು ಪದರ ಇರುತ್ತದೆ: ಇಲ್ಲಿ ಸರ ಮಿಂಚಿದೆ, ಇಲ್ಲಿ ಬಿಸಿಲು ಬಿದ್ದಿದೆ, ಈ ಜಾಗದಲ್ಲಿ ಪರದೆಯ ಬೆಳಕನ್ನು ಏರಿಸು ಎಂದು ಹೇಳುವ ಪದರ. ವೆಬ್ಬಿಗೆ ಹಾಕಲು ಫೋಟೋ ಚಿಕ್ಕದು ಮಾಡುವಾಗ ಸಾಮಾನ್ಯವಾಗಿ ಅದು ಉದುರಿಹೋಗುತ್ತದೆ. ಉದುರದ ಹಾಗೆ ಹಠ ಹಿಡಿದು ಉಳಿಸಿಕೊಂಡ ಮಹಾನುಭಾವ ನಾನು.

ಪುಟದ ಲಿಂಕ್ ಎರಡೂ ಮನೆಗೆ ಕಳಿಸಿದ ದಿನವೇ ಬೀಗರು, ಅಂದರೆ ಹುಡುಗನ ತಂದೆ, ಅಂಗಡಿಗೇ ಬಂದರು. ಕಾಲರ್ ಎತ್ತಿಕೊಂಡಿದ್ದರು.

"ಏನ್ ಫೋಟೋ ತೆಗ್ದೀಯೋ ತಮ್ಮಾ! ನನ್ನ ಪಂಚೆ ನೋಡು, ಟ್ಯೂಬ್‌ಲೈಟ್ ಉರಿದಂಗೆ ಐತೆ. ಓಣಿಗೆಲ್ಲ ತೋರ್ಸ್ಕೊಂಡು ಬಂದೆ."

ಪಂಚೆಯ ಬಗ್ಗೆ ಮಾತ್ರ ಹೇಳಿದರು. ಅವರ ಬೋಳುತಲೆಯೂ ಅಷ್ಟೇ ಚೆನ್ನಾಗಿ ಬಂದಿತ್ತು.

ಅವರು ಮೆಟ್ಟಿಲಿಳಿದು ಹೋದ ಸ್ವಲ್ಪ ಹೊತ್ತಿಗೆ ಸೊರಬದಿಂದ ಫೋನ್ ಬಂತು. ಮಾವನವರು ಮಾತಿಗೆ ಮೊದಲು ಒಂದು ‘ಹ್ಞೂಂ’ ಹಾಕುತ್ತಾರೆ. ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿದ ಹಾಗೆ.

"ಹ್ಞೂಂ... ಎಂತ ಮಾರಾಯ್ರೇ ಇದು? ಅವರಿಗೆ ತ್ರೀ ಫೇಸು, ನಮಗೆ ಸಿಂಗಲ್ ಫೇಸಾ?"

"ಏನಾಯ್ತು ಸಾರ್?"

"ಎಂತ ಆಯ್ತು ಅಂತ ನನ್ನ ಕೇಳ್ತೀರಾ? ಗಂಡಿನ ಕಡೆಯವರೆಲ್ಲ ಝಗಝಗ ಅಂತಿದಾರೆ. ನಮ್ಮ ಹುಡುಗಿ, ಅವಳಮ್ಮ, ನಾನು, ಎಲ್ಲ ಲೋ ವೋಲ್ಟೇಜಲ್ಲಿ ನಿಂತಿದೀವಿ. ಅಪ್ಪ ಇಲ್ಲದ ಹುಡುಗಿ, ಇಷ್ಟು ಸಾಕು ಅಂತ ಮಾಡಿದ್ರಾ?"

ಆ ಕೊನೆಯ ಮಾತು ನನಗೆ ತಾಗಬೇಕಿತ್ತು. ಆಗ ತಾಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ಪುಟ ತೆರೆದು ನೋಡಿದೆ: ಎಡ ಬಲ ಎರಡೂ ಒಂದೇ ಥರ. "ಇಲ್ಲಿ ಸರಿಯಾಗೇ ಇದೆ ಸಾರ್. ನಿಮ್ಮ ಫೋನೇ ಸರಿಯಿಲ್ಲ, ಪರದೆ ಒಮ್ಮೆ ಒರೆಸಿ ನೋಡಿ" ಎಂದೆ. ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿ ಭಾಯಿಯ ಕಡೆ ತಿರುಗಿದೆ. ಎದೆ ಉಬ್ಬಿಸಿ, ಗಂಟಲಲ್ಲಿ ಟ್ರಾನ್ಸ್‌ಫಾರ್ಮರ್ ಕೂರಿಸಿಕೊಂಡು, "ಹ್ಞೂಂ... ಎಂತ ಮಾರಾಯ್ರೇ ಇದೂ? ನಮಗೆ ಸಿಂಗಲ್ ಫೇಸಾಆಆ?" ಎಂದು ಶುರು ಮಾಡಿದೆ. ಭಾಯಿ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು.

ಮೇಜಿನ ಮೇಲಿನ ಫೋನು ಮಾತಾಡಿತು.

"ಹ್ಞೂಂ. ಚೆನ್ನಾಗಿದೆ. ಕೊನೇಲಿ ಅಷ್ಟು ಎಳೀಬೇಡಿ, ನಾನು ಅಷ್ಟು ಎಳಿಯಲ್ಲ."

ಆಮೇಲೆ ಕಟ್ಟಾಯಿತು. ಭಾಯಿಯ ನಗುವೂ ಅಲ್ಲೇ ಕಟ್ಟಾಯಿತು.

"ಹೋಯ್ತು" ಎಂದರು ಭಾಯಿ. "ಸೊರಬ ಹೋಯ್ತು. ನೀನು ಬಾಯಿ ಹಾಕಿ ಊದಿ ಆರ್ಸಿಬಿಟ್ಟೆ."

ಇನ್ನು ಹೇಗಾದರೂ ಸರಿ ಮಾಡಲೇಬೇಕು. ಆದರೆ ಏನನ್ನು ಸರಿ ಮಾಡುವುದು? ನನಗೆ ಏನೂ ಕಾಣಿಸುತ್ತಲೇ ಇಲ್ಲ. ಲ್ಯಾಪ್‌ಟಾಪು ಹಳೆಯದು, ಅದರ ಪರದೆಗೆ ಎಚ್‌ಡಿಆರ್ ಗೊತ್ತಿಲ್ಲ, ಅದು ಸರಿ. ಅಂಗಡಿ ಬಾಗಿಲಿಗೆ ಬಂದು, ಬೆಳಕನ್ನು ಪೂರ್ತಿ ಏರಿಸಿಕೊಂಡು, ನನ್ನ ಹೊಸ ಫೋನಿನಲ್ಲಿ ನೋಡಿದೆ. ಅಲ್ಲೂ ಎರಡು ಕಡೆಯವರು ಸಮ. ಸ್ಕ್ರೀನ್‌ಶಾಟ್ ಕಳಿಸಿ ಎಂದು ಮಾವನವರಿಗೆ ಬಹಳ ಮರ್ಯಾದೆಯಿಂದ, ನನ್ನ ಸ್ವಂತ ದನಿಯಲ್ಲಿ, ಸಂದೇಶ ಬಿಟ್ಟೆ. ಕಳಿಸಿದರು. ಅದರಲ್ಲೂ ಯಾವ ಭೇದವಿಲ್ಲ.

"ನೋಡಿ ಭಾಯಿ, ಅವರೇ ಕಳಿಸಿದ ಸಾಕ್ಷಿ. ಸುಮ್ಮನೆ ತಗಾದೆ ತೆಗೀತಿದಾರೆ."

"ಅರೇ, ಮನೆ ಮಗಳ ಮದುವೆ ಫೋಟೋಗೆ ಯಾರಪ್ಪಾ ಸುಮ್ಮನೆ ತಗಾದೆ ತೆಗೀತಾರೆ? ಅವರಿಗೆ ಕಾಣಿಸ್ತಿದೆ, ನಿನಗೆ ಕಾಣಿಸ್ತಿಲ್ಲ. ಹಂಗಾದ್ರೆ ಕಣ್ಣು ಯಾರದ್ದು ಸರಿ ಇಲ್ಲ?"

ಸೊರಬದವರ ಬಾಯಿ ಮುಚ್ಚಿಸಲು ಇನ್ನೊಂದು ಘನಕಾರ್ಯ ಮಾಡಿದೆ. ಹೆಣ್ಣಿನ ಕಡೆಯ ಫೋಟೋಗಳನ್ನೆಲ್ಲ ಎಡಿಟಿಂಗಿನಲ್ಲಿ ಬೆಳಗಿಸಿ ಮತ್ತೆ ಏರಿಸಿದೆ. ಮರುದಿನ ಬೆಳಿಗ್ಗೆ ಫೋನ್ ಮಾಡಿದವರು ಮಾವನವರ ಹೆಂಡತಿ.

"ಅಲ್ಲಾ ತಮ್ಮಾ, ನಮ್ಮ ಹುಡುಗಿ ಮುಖಕ್ಕೆ ಸುಣ್ಣ ಬಳಿದು ಕೂರಿಸಿದೀರಲ್ಲ? ಮೂಗುಬಟ್ಟು ಎಲ್ಲಿ? ಮೂಗೇ ಕಾಣ್ತಿಲ್ಲ. ಇಷ್ಟಾದ್ರೂ ಆ ಕಡೆಯವರ ಪಂಚೆ ಮುಂದೆ ಇವಳು ಮಂಕೇ."

ಫೋನ್ ಕಟ್ಟಾಗಿದೆಯೇ ಎಂದು ಮೂರು ಸಲ ನೋಡಿದ ಮೇಲೂ ಈ ಅಮ್ಮನವರನ್ನು ಅಣಕಿಸುವ ಧೈರ್ಯ ಬರಲಿಲ್ಲ. ಭಾಯಿ ಅಂಗಡಿಯ ಶಟರ್ ಎಳೆದರು. "ನಡಿ, ಸೊರಬಕ್ಕೆ. ಅವರ ಫೋನಲ್ಲಿ, ಅವರ ಮನೇಲಿ ನೋಡೋಣ."

ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಭಾಯಿ ಚಹಾ ಕುಡಿಸಿ ಉಪದೇಶ ಮಾಡಿದರು: ಒಳಗೆ ಹೋದ ತಕ್ಷಣ ಕ್ಷಮೆ ಕೇಳು, ಆಮೇಲೆ ಕೇಳಿದ್ದಕ್ಕಷ್ಟೇ ಉತ್ತರ, ಗಂಟಲಿಂದ ನಿನ್ನದಲ್ಲದ ದನಿ ಬರಕೂಡದು. ತಲೆಯಾಡಿಸಿದೆ. ತಲೆ ಮಾತ್ರ ಆಡಿಸಿದ್ದು ನೋಡಿ ಭಾಯಿಗೆ ನಂಬಿಕೆ ಬರಲಿಲ್ಲ.

ಮಾವನವರ ಮನೆಯ ಹಜಾರದಲ್ಲಿ ಮಧ್ಯಾಹ್ನವೂ ಅರೆಗತ್ತಲು. ಬಿಸಿಲು ಬರುತ್ತದೆಂದು ಕಿಟಕಿಗೆ ದಪ್ಪ ಪರದೆ ಎಳೆದಿದ್ದರು. ದೀಪ ಹಾಕಿರಲಿಲ್ಲ; ಇಡೀ ತಾಲ್ಲೂಕಿಗೆ ಕರೆಂಟು ಕೊಟ್ಟವರದು ಸ್ವಂತ ಮನೆಯಲ್ಲಿ ಬಹಳ ಹಿಡಿತ. ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅವರು ಒಳಗಿನವರನ್ನು ಕರೆದರು.

"ಬಾರೇ ಇಲ್ಲಿ, ನನ್ನ ಹಾಗೆ ಮಾತಾಡೋರು ಬಂದಿದಾರೆ. ಹ್ಞೂಂ, ಮಾಡಿ."

"ಬೇಡ ಸಾರ್, ತಪ್ಪಾಯ್ತು."

"ಮಾಡ್ದಿದ್ರೆ ಕಾಫಿ ಇಲ್ಲ."

ಭಾಯಿಯ ಮುಖ ನೋಡಿದೆ. ಅವರು ಸೂರು ನೋಡುತ್ತಿದ್ದರು. ಮಾಡಿದೆ. ಕೊನೆಯಲ್ಲಿ ಎಳೆಯದೆ, ತಿದ್ದುಪಡಿ ಸಮೇತ ಮಾಡಿದೆ. ಅವರ ಹೆಂಡತಿ ಸೆರಗನ್ನು ಬಾಯಿಗೆ ತುಂಬಿಕೊಂಡು ಒಳಗೆ ಓಡಿದರು. ಮೊದಲ ಸಲ ತವರಿಗೆ ಬಂದಿದ್ದ ಮದುಮಗಳು ಬಾಗಿಲ ಸಂದಿಯಲ್ಲಿ ನಿಂತು, "ಅತ್ತೇ, ‘ನನ್ನ ಕನ್ನಡಕ ಎಲ್ಲಿ’ ಅಂತ ಹೇಳಕ್ಕೆ ಹೇಳಿ" ಎಂದಳು. ಮಾವನವರು ಮಾತ್ರ ನಗಲಿಲ್ಲ. ಫೋನ್ ತೆಗೆದು ನನ್ನ ಕೈಗಿಟ್ಟರು.

ಆಗ ಕಂಡಿತು. ಮಗಳು ಕೊಡಿಸಿದ ಹೊಸ ಫೋನು, ಕಣ್ಣಿಗೆ ತಂಪಿರಲಿ ಎಂದು ಬೆಳಕನ್ನು ಬಹಳ ಇಳಿಸಿಟ್ಟಿದ್ದಾರೆ. ಆ ಅರೆಗತ್ತಲಲ್ಲಿ ಪುಟದ ಬಲಗಡೆ ಬೀಗರ ಪಂಚೆ ಎಂಬುದು ಪಂಚೆಯಾಗಿ ಉಳಿದಿರಲಿಲ್ಲ. ತಲೆಯಂತೂ ಹುಣ್ಣಿಮೆಯ ಚಂದ್ರ. ಎಡಗಡೆ, ಭಾಯಿ ಎಷ್ಟು ಜೋಪಾನವಾಗಿ ತೆಗೆದ ಧಾರೆಯ ಫೋಟೋ, ಮಸುಕು ಗಾಜಿನ ಹಿಂದೆ ಇಟ್ಟ ಹಾಗೆ. ಹುಡುಗಿಯ ಸೀರೆ ಬೂದಿ ಬಣ್ಣ. ಅವಳ ಪಕ್ಕದಲ್ಲಿ ಧಾರೆ ಎರೆಯಲು ನಿಂತ ಮಾವನವರ ಬಿಳಿ ಅಂಗಿಯೂ ಬೂದಿ.

‘ಅಪ್ಪ ಇಲ್ಲದ ಹುಡುಗಿ’ ಎಂಬ ಮಾತು ನನಗೆ ತಾಗಿದ್ದು ಅಲ್ಲಿ, ಆಗ.

ಕಾರಣ ಒಂದೊಂದಾಗಿ ತಲೆಗೆ ಹೊಳೆಯಿತು. ಮಾಮೂಲಿ ಫೋಟೋದ ಬಿಳಿ, ಪುಟದ ಬಿಳಿಗಿಂತ ಮೇಲೆ ಹೋಗುವುದಿಲ್ಲ. ಎಚ್‌ಡಿಆರ್ ಫೋಟೋ ಅದನ್ನೂ ದಾಟಿ ಬೆಳಕು ಕೇಳುತ್ತದೆ. ಫೋನಿನ ಬೆಳಕು ಇಳಿದಿದ್ದರೆ ಮೇಲೇರಲು ಬೇಕಾದಷ್ಟು ಜಾಗವಿರುತ್ತದೆ, ಏರುತ್ತದೆ. ನಾನು ಅಂಗಡಿ ಬಾಗಿಲಲ್ಲಿ ಬೆಳಕನ್ನು ತುದಿಗೇರಿಸಿ ನೋಡಿದ್ದೆ. ತುದಿಯಿಂದ ಮೇಲೆ ಎಲ್ಲಿಗೆ ಹೋದೀತು? ಸ್ಕ್ರೀನ್‌ಶಾಟಿನಲ್ಲಿ ಆ ಹೆಚ್ಚಿನ ಬೆಳಕು ಉಳಿಯುವುದೇ ಇಲ್ಲ. ಪಕ್ಕದಲ್ಲಿ ಅಷ್ಟು ಬೆಳಕು ಕಂಡ ಕಣ್ಣಿಗೆ, ಸರಿಯಾಗೇ ಇರುವ ಬಿಳಿ ಕೊಳೆಯಾಗಿ ಕಾಣುತ್ತದೆ. ಅಂದರೆ ಭಾಯಿಯ ಫೋಟೋದಲ್ಲಿ ದೋಷವೇ ಇರಲಿಲ್ಲ. ನನ್ನ ಫೋಟೋದ ಪಕ್ಕದಲ್ಲಿ ಕೂತದ್ದೇ ಅದರ ದೋಷ.

ಇದಕ್ಕೆ ಮದ್ದಿದೆ. ಪುಟದ ಚಿತ್ರಗಳು ಎಷ್ಟರ ಮಟ್ಟಿಗೆ ಬೆಳಕು ಏರಿಸಿಕೊಳ್ಳಬಹುದು ಎಂದು ಮಿತಿ ಹಾಕುವ ಒಂದು ಸಾಲು, ವೆಬ್ ಪುಟದ ರೂಪ ಹೇಗಿರಬೇಕೆಂದು ಬರೆಯುವ ಸಿಎಸ್‌ಎಸ್‌ನಲ್ಲಿ ಬಂದಿದೆ: ಡೈನಾಮಿಕ್ ರೇಂಜ್ ಲಿಮಿಟ್. ಅದಕ್ಕೆ ‘ನೋ ಲಿಮಿಟ್’ ಎಂದರೆ ಕೇಳಿದಷ್ಟು, ‘ಕನ್‌ಸ್ಟ್ರೇನ್ಡ್’ ಎಂದರೆ ಸ್ವಲ್ಪ ಹಿಡಿದು, ‘ಸ್ಟ್ಯಾಂಡರ್ಡ್’ ಎಂದರೆ ಮಾಮೂಲಿ ಫೋಟೋಗೆ ಸಮ. ಏನೂ ಬರೆಯದಿದ್ದರೆ ಕೇಳಿದಷ್ಟು. ನಾನು ಏನೂ ಬರೆದಿರಲಿಲ್ಲ. ಟೀಪಾಯಿಯ ಮೇಲೆ ಲ್ಯಾಪ್‌ಟಾಪ್ ತೆರೆದು, ಸುಣ್ಣ ಬಳಿದ ಫೋಟೋಗಳನ್ನು ತೆಗೆದು ಮೊದಲಿನವನ್ನೇ ಹಾಕಿ, ‘ಸ್ಟ್ಯಾಂಡರ್ಡ್’ ಎಂದು ಬರೆದೆ.

"ಈಗ ನೋಡಿ ಸಾರ್."

ಪಂಚೆ ಪಂಚೆಯಾಯಿತು. ಸೀರೆಗೆ ಬಣ್ಣ ಬಂತು. ಮಾವನವರು ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಹ್ಞೂಂ. ಈಗ ಲೈನ್ ಸರಿ ಆಯ್ತು."

ಆದರೆ ಅವರ ಹೆಂಡತಿಯ ಫೋನಿನಲ್ಲಿ ಪಂಚೆ ಇನ್ನೂ ಉರಿಯುತ್ತಲೇ ಇತ್ತು. ಅದರ ಬ್ರೌಸರ್ ಹಳತು, ಅದಕ್ಕೆ ಈ ಸಾಲು ಓದಲು ಬರುವುದಿಲ್ಲ. ಹೊಸದು ಹಾಕೋಣವೆಂದರೆ ಫೋನಿನಲ್ಲಿ ಜಾಗವಿಲ್ಲ. ತುಂಬ ಹೂವು, ಸೂರ್ಯೋದಯ, ಶುಭೋದಯ. ಅಳಿಸಲೇ ಎಂದರೆ, "ಅದು ನಮ್ಮಕ್ಕ ಕಳ್ಸಿದ್ದು, ಇದು ಅವರ ನಾದಿನಿ ಕಳ್ಸಿದ್ದು" ಎಂದು ಒಂದೊಂದು ಹೂವಿಗೂ ವಿಚಾರಣೆ ನಡೆಯಿತು. ಕೊನೆಗೆ ನಾದಿನಿಯ ಸೂರ್ಯೋದಯಗಳೆಲ್ಲ ಬಲಿಯಾದವು. ಬ್ರೌಸರ್ ಹೊಸದಾಯಿತು, ಪಂಚೆ ಆರಿತು. ಭಾಯಿ ಉಸಿರು ಬಿಟ್ಟು, ಕಾಫಿಯ ಜೊತೆ ಬಂದಿದ್ದ ಅವಲಕ್ಕಿಯ ತಟ್ಟೆಗೆ ಕೈ ಹಾಕಿದರು.

ಆಗ ಬೀಗರ ಫೋನ್ ಬಂತು. ಮಾವನವರು ಸ್ಪೀಕರಿಗೆ ಹಾಕಿದರು.

"ಏನ್ರೀ ಬೀಗ್ರೇ, ಆ ಹುಡುಗ ನಿಮ್ಮನ್ಯಾಗೆ ಅದಾನಂತೆ? ನನ್ನ ಪಂಚೆ ಬೆಳಕು ಎಲ್ಲಿ ಹೋತು ಕೇಳ್ರೀ ಸ್ವಲ್ಪ. ನಮ್ಮ ತಂಗಿಗೆ ತೋರ್ಸಾಣ ಅಂತ ತೆಗೆದ್ರೆ ಕೆರೇಲಿ ಒಗೆದಂಗೆ ಕಾಣ್ತೈತೆ!"

"ನಿಮ್ಮ ಬೆಳಕಿಂದ ನಮ್ಮ ಹುಡುಗಿ ಮಂಕಾಗಿದ್ಲು ಬೀಗ್ರೇ."

"ಹಂಗಂತ ನಮ್ಮನ್ನ ಆರ್ಸೋದೇನ್ರೀ?"

ಇಬ್ಬರನ್ನೂ ಸಮಾಧಾನ ಮಾಡೋಣವೆಂದು ನಾನು ಮತ್ತೆ ಬಾಯಿ ಹಾಕಿದೆ. ಈ ಸಾಲಿನಲ್ಲಿ ಬೆರಕೆಗೂ ಅವಕಾಶವಿದೆ, ಇಷ್ಟು ಪಾಲು ಸ್ಟ್ಯಾಂಡರ್ಡ್, ಇಷ್ಟು ಪಾಲು ಮೇಲಿನ ಬೆಳಕು ಎಂದು ಶೇಕಡದಲ್ಲಿ ಬರೆಯಬಹುದು ಎಂದುಬಿಟ್ಟೆ. ಇಂಥ ಎರಡು ಮನೆಗಳ ನಡುವೆ ಶೇಕಡ ಎಂಬ ಶಬ್ದ ಎತ್ತಬಾರದಿತ್ತು. ನಿಶ್ಚಯದ ದಿನದ ಮಾತುಕತೆ ಮತ್ತೆ ಶುರುವಾಯಿತು.

"ಐವತ್ತು ಕೊಡ್ರೀ, ಮುಗ್ದೋತು."

"ಐವತ್ತಾ? ಹತ್ತು."

"ಹತ್ತು ಯಾವ ಮೂಲೆಗೆ ಸಾಕಾಗ್ತೈತೆ? ನಲವತ್ತು."

ಅವರು ಹೇಳಿದ ಹಾಗೆ ನಾನು ಬರೆಯುವುದು, ಆ ಕಡೆ ಶಿಕಾರಿಪುರದಲ್ಲಿ ಬೀಗರು, ಈ ಕಡೆ ಮಾವನವರು ಪುಟವನ್ನು ಎಳೆದು ಹೊಸದು ಮಾಡಿ ನೋಡುವುದು. ನಲವತ್ತಕ್ಕೆ ಮಾವನವರು ಮುಖ ಸಿಂಡರಿಸಿದರು. ಹದಿನೈದಕ್ಕೆ ಬೀಗರು ಬಿಕ್ಕಳಿಸಿದರು. ಇಪ್ಪತ್ತಕ್ಕೆ ಇಬ್ಬರೂ ಒಪ್ಪಿದಂತೆ ಕಂಡಿತು. ಆಮೇಲೆ ಮಾವನವರು, "ಇಪ್ಪತ್ತಾದ್ರೂ, ಒಂದಾದ್ರೂ, ಅವರು ಮೇಲೇ ಆಯ್ತಲ್ಲ?" ಎಂದರು. ಅದು ನಿಜ. ಎಡಗಡೆಯದಕ್ಕೆ ಏರುವ ಪದರವೇ ಇಲ್ಲ. ಎಷ್ಟು ಬೆರೆಸಿದರೂ ಬಲಗಡೆಯದೇ ಮೇಲು.

ಹಾಗಾದರೆ ಫೋಟೋಗಳು ಅಕ್ಕಪಕ್ಕ ಸಾಲಿನಲ್ಲಿ ಕೂತಾಗ ಎಲ್ಲರೂ ಸಮ, ಒಂದು ಫೋಟೋ ಮುಟ್ಟಿ ದೊಡ್ಡದಾಗಿ ತೆರೆದಾಗ ಮಾತ್ರ ಬೆಳಕು ಎಂದು ಮಾಡಿದೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಹೋಲಿಕೆಯೇ ಇಲ್ಲ. ಬೀಗರು ತಮ್ಮದನ್ನು ತೆರೆದು "ಹಾಂ, ಬಂತು ಬಂತು!" ಎಂದು ಕುಣಿದರು. ಮಾವನವರು ಧಾರೆಯ ಫೋಟೋ ತೆರೆದರು. ಕಾದರು. ಬೆರಳಿನಿಂದ ತಟ್ಟಿದರು.

"ನಮ್ಮದು ಏಕೆ ಹತ್ತಿಕೊಳ್ಳಲ್ಲ?"

ಭಾಯಿಯನ್ನು ನೋಡಿದೆ. ಕ್ಯಾಮೆರಾ ಕಂಡ ಬೆಳಕನ್ನೆಲ್ಲ ಹಾಗೇ ಉಳಿಸುವ ಕಚ್ಚಾ ಫೈಲನ್ನು ಅವರು ಇಟ್ಟುಕೊಂಡಿದ್ದರೆ ಅದರಿಂದ ಬೆಳಕಿನ ಪದರ ಹೊಸದಾಗಿ ಮಾಡಬಹುದಿತ್ತು. ಭಾಯಿ ಕಾರ್ಡಿನಲ್ಲಿ ಜಾಗ ಸಾಲದೆಂದು ಮಾಮೂಲಿ ಜೆಪೆಗ್ ಮಾತ್ರ ಇಟ್ಟವರು. "ನಿನ್ನ ಮದುವೇಲಿ ಕಚ್ಚಾ ಇಡ್ತೀನಿ, ಈಗ ನನ್ನ ಮುಖ ನೋಡ್ಬೇಡ" ಎಂದು ಪಿಸುಗುಟ್ಟಿದರು.

ಅಲ್ಲಿಗೆ ನನ್ನ ಬತ್ತಳಿಕೆ ಬರಿದು. ಪುಟದಲ್ಲಿ ಆ ಹೊಳಪು ನನಗೆ ಬಹಳ ಪ್ರೀತಿಯದು. ಜಿಲ್ಲೆಯಲ್ಲೇ ಯಾರೂ ಮಾಡಿಲ್ಲವೆಂದು ಹೇಳಿಕೊಂಡು ತಿರುಗಿದ್ದೆ. ಧಾರೆಯ ಫೋಟೋವನ್ನು ಇನ್ನೂ ಬೆರಳಿನಿಂದ ತಟ್ಟುತ್ತಿದ್ದ ಮಾವನವರನ್ನು ನೋಡಿದೆ. ಸಾಲಿನಲ್ಲಿ, ದೊಡ್ಡದರಲ್ಲಿ, ಎಲ್ಲ ಕಡೆಗೂ ಒಂದೇ ಮಾತು ಬರೆದೆ: ಸ್ಟ್ಯಾಂಡರ್ಡ್. ಲ್ಯಾಪ್‌ಟಾಪ್ ಮುಚ್ಚಿದೆ.

"ಮುಗೀತು. ಯಾರಿಗೂ ಹೆಚ್ಚಿಲ್ಲ, ಕಡಿಮೆ ಇಲ್ಲ. ಬೈಯೋದಿದ್ರೆ ನನ್ನ ಬೈಯಿರಿ. ಇನ್ನು ಮುಟ್ಟಲ್ಲ."

ಇಬ್ಬರೂ ಒಟ್ಟಿಗೆ ಬೈದರು. ಆ ದಿನ ಅವರಿಬ್ಬರೂ ಒಂದೇ ದನಿಯಲ್ಲಿ ಆಡಿದ ಮೊದಲ ಮಾತು ಅದು. ಬೀಗರು, "ಕೊಟ್ಟು ಕಸ್ಕೊಂತೀಯೇನಲೇ!" ಎಂದರೆ, ಮಾವನವರು, "ಅವರದ್ದು ಆರಿಸಿ ಅಂತ ಯಾರು ಹೇಳಿದ್ದು? ನಮ್ಮದು ಹತ್ತಿಸಿ ಅಂದಿದ್ದು! ಹ್ಞೂಂ, ಭಾಯಿಯವ್ರೇ, ಇದು ಇತ್ಯರ್ಥ ಆಗದೆ ನನ್ನ ಮಗಳ ಮದುವೆ ಮಾತು ಎತ್ತಬೇಡಿ" ಎಂದರು. ಭಾಯಿ ತಟ್ಟೆಯನ್ನು ಕೆಳಗಿಟ್ಟರು. ಅವರ ಮುಖವೀಗ ಎಡಗಡೆಯ ಫೋಟೋದಂತಿತ್ತು.

ಬಾಗಿಲ ಸಂದಿಯಲ್ಲಿದ್ದ ಮದುಮಗಳು ಹೊರಗೆ ಬಂದಳು. "ಮಾವಾ" ಎಂದಳು. ಟೀಪಾಯಿಯ ಮೇಲಿನ ಫೋನೂ, ಎದುರಿಗೆ ಕೂತವರೂ ಒಟ್ಟಿಗೆ, "ಏನಮ್ಮಾ?" ಎಂದರು.

"ನಿಮಗೂ ಹೇಳ್ತಿದೀನಿ, ಅವರಿಗೂ ಹೇಳ್ತಿದೀನಿ. ಕೊನೆಗೆ ಆಲ್ಬಮ್ ಬರೋದು ಕಾಗದದ ಮೇಲೆ, ಅದು ಯಾರ ಕಡೆಗೂ ಹೊಳಿಯಲ್ಲ. ಹೊಳೀಲೇಬೇಕು ಅಂದ್ರೆ ಬಂದೋರಿಗೆ ನಾನು ಪುಟ ತಿರುಗಿಸ್ತೀನಿ, ನೀವಿಬ್ರೂ ಆ ಕಡೆ ಈ ಕಡೆ ಒಂದೊಂದು ಬ್ಯಾಟರಿ ಹಿಡ್ಕೊಂಡು ನಿಂತ್ಕೊಳ್ಳಿ."